ಅಗ್ಗದ ಬಿಯರಿಗೂ ನ್ಯಾಯ ಸಲ್ಲಬೇಕು: ಚಿಂಗ್‌ದಾವ್ ಲಾಗರನ್ನು ಸವಿದು ಅಳೆಯುವ ಬಗೆ

ಚೀನಾದ ಬಿಯರ್ ಬಗ್ಗೆ ಮಾತು ಬಂದಾಗಲೆಲ್ಲ ನಾನು ಕೇಳುವ ತೀರ್ಪು ಒಂದೇ: "ಬರೀ ನೀರು." ಹೀಗೆನ್ನುವವರಲ್ಲಿ ಹೆಚ್ಚಿನವರು ಬಾಟಲಿಯನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ, ಅದರ ಬಾಯಿಂದಲೇ ಎರಡು ಗುಟುಕು ಗಂಟಲಿಗೆ ಇಳಿಸಿ, ಮೂಗಿಗೆ ಯಾವ ಕೆಲಸವನ್ನೂ ಕೊಡದೆ ತೀರ್ಪು ನೀಡಿರುತ್ತಾರೆ. ಕೆಲಸದ ನಿಮಿತ್ತ ಶಾಂದೊಂಗ್ ಪ್ರಾಂತ್ಯಕ್ಕೆ ಹೋಗಿಬರಲು ತೊಡಗಿದ ಮೊದಲ ದಿನಗಳಲ್ಲಿ ನಾನೂ ಹಾಗೆಯೇ ಹೇಳುತ್ತಿದ್ದೆ. ಇಂದು ಹಾಗೆ ಹೇಳಲಾರೆ. ಬಿಸಿಬೇಳೆ ಬಾತಿನ ಅಳತೆಗೋಲು ಹಿಡಿದು ತಿಳಿಸಾರನ್ನು ಅಳೆದರೆ ತಿಳಿಸಾರು ಸೋಲಲೇಬೇಕು. ಆದರೆ ಒಳ್ಳೆಯ ತಿಳಿಸಾರು ಮಾಡುವುದು ಎಷ್ಟು ಕಷ್ಟವೆಂದು ಅಡುಗೆ ಬಲ್ಲವರಿಗೆ ಗೊತ್ತು. ಒಗ್ಗರಣೆ ಒಂದಿಷ್ಟು ಸೀದರೂ, ಹುಳಿ ಒಂದು ಹನಿ ಹೆಚ್ಚಾದರೂ ಮರೆಮಾಚಲು ಅದರಲ್ಲಿ ಏನೂ ಇರುವುದಿಲ್ಲ. ಹಗುರ ಲಾಗರಿನ, ಅಂದರೆ ತಣ್ಣಗೆ ಹುದುಗಿಸಿ ನಿಧಾನವಾಗಿ ಮಾಗಿಸಿದ ಬಿಯರಿನ, ಸ್ಥಿತಿಯೂ ಅದೇ. ಹಗುರವಾಗಿರುವುದು ಬೇರೆ, ಸಪ್ಪೆಯಾಗಿರುವುದು ಬೇರೆ. ಇವೆರಡನ್ನು ನಾಲಿಗೆಯಿಂದ ಬೇರ್ಪಡಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಉದಾಹರಣೆಗೆ ಚಿಂಗ್‌ದಾವ್ ಬಿಯರನ್ನೇ ತೆಗೆದುಕೊಳ್ಳುತ್ತೇನೆ. ಬಾಟಲಿಯ ಮೇಲೆ ಅದರ ಹೆಸರು ಹಳೆಯ ಕಾಗುಣಿತದಲ್ಲಿ ತ್ಸಿಂಗ್‌ಟಾವ್ ಎಂದಿರುತ್ತದೆ. ನಕ್ಷೆಯಲ್ಲಿ ಶಾಂದೊಂಗ್ ಕರಾವಳಿಯ ಆ ಊರಿನ ಹೆಸರು ಚಿಂಗ್‌ದಾವ್. ಎರಡೂ ಒಂದೇ. ಇಲ್ಲಿ ಹೇಳುವ ಕ್ರಮ ಸ್ನೋ, ಯಾನ್‌ಜಿಂಗ್, ಹಾರ್ಬಿನ್, ಝೂಜಿಯಾಂಗ್ ಮುಂತಾದ ಬೇರೆ ಜನಪ್ರಿಯ ಚೀನೀ ಲಾಗರುಗಳಿಗೂ ಹೊಂದುತ್ತದೆ.

ಕುಡಿಯುವ ಮುನ್ನ ತುಸು ಹಿನ್ನೆಲೆ

1897ರಲ್ಲಿ ಜರ್ಮನಿ ಚಿಂಗ್‌ದಾವ್ ಇರುವ ಜಿಯಾವ್‌ಝೌ ಕೊಲ್ಲಿಯನ್ನು ವಶಪಡಿಸಿಕೊಂಡು ಮರುವರ್ಷ 99 ವರ್ಷಗಳ ಗುತ್ತಿಗೆ ಬರೆಸಿಕೊಂಡಿತು. ಅಲ್ಲಿನ ಸೈನಿಕರಿಗೂ ವ್ಯಾಪಾರಿಗಳಿಗೂ ಊರಿನ ಬಿಯರ್ ಬೇಕಾಗಿತ್ತು. 1903ರಲ್ಲಿ ಬ್ರಿಟಿಷ್ ಮತ್ತು ಜರ್ಮನ್ ಬಂಡವಾಳದಿಂದ ಚಿಂಗ್‌ದಾವ್‌ನಲ್ಲಿ ಬ್ರೂವರಿ ಹುಟ್ಟಿತು. 1914ರಲ್ಲಿ ಜಪಾನ್ ಊರನ್ನು ಹಿಡಿಯಿತು, 1916ರಲ್ಲಿ ಬ್ರೂವರಿ ಜಪಾನಿನ ದಾಯ್‌ನಿಪ್ಪಾನ್ ಕಂಪನಿಯ ಪಾಲಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಚೀನೀಯರ ಕೈಗೆ ಬಂದು, 1949ರ ನಂತರ ಸರ್ಕಾರದ್ದಾಯಿತು. 1993ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೂ ಏರಿತು. ದೆಂಗ್‌ಝೌ ರಸ್ತೆಯ ಹಳೆಯ ಕಟ್ಟಡದಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಊರಿಗೆ ಹೋದವರು ಅದನ್ನು ತಪ್ಪಿಸಬಾರದು.

ಈ ಇತಿಹಾಸ ರುಚಿಗೆ ಸಂಬಂಧಿಸಿದ್ದು. ಬೇರು ಜರ್ಮನ್ ಲಾಗರಿನದು: ತಣ್ಣನೆಯ ಹುದುಗು, ನಿಧಾನದ ಮಾಗುವಿಕೆ, ತಿಳಿಬಣ್ಣ. ಆದರೆ ಇಂದಿನ ಬಿಯರಿನಲ್ಲಿ ಬಾರ್ಲಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಜೊತೆಗೆ ಅಕ್ಕಿಯೂ ಇದೆ. ಲೇಬಲ್ಲಿನ ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿರುತ್ತಾರೆ. ಅಕ್ಕಿ ಹಾಕಿದ್ದಾರೆಂದು ಮೂಗು ಮುರಿಯುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಅಕ್ಕಿಯನ್ನು ಮೊದಲು ಬೇರೆಯಾಗಿ ಅನ್ನದಂತೆ ಬೇಯಿಸಿಕೊಂಡು, ನಂತರ ಮಾಲ್ಟಿನ ರಾಡಿಗೆ ಬೆರೆಸಬೇಕು. ಮಾಲ್ಟಿನಲ್ಲಿರುವ ಕಿಣ್ವಗಳೇ ಅಕ್ಕಿಯ ಪಿಷ್ಟವನ್ನೂ ಸಕ್ಕರೆಯಾಗಿಸುತ್ತವೆ. ಅಕ್ಕಿಯಿಂದ ಬರುವುದು ಹುದುಗುವ ಸಕ್ಕರೆ ಮಾತ್ರ. ಪ್ರೋಟೀನ್, ಬಣ್ಣ, ಗಾಢತೆ ಅತ್ಯಲ್ಪ. ಹಾಗಾಗಿ ಮೈ ಹಗುರವಾಗುತ್ತದೆ, ಕೊನೆಯ ರುಚಿ ಒಣಗಿದಂತಿರುತ್ತದೆ, ನೊರೆ ಸ್ವಲ್ಪ ಬೇಗ ಇಳಿಯುತ್ತದೆ. ಇವು ಈ ಬಿಯರಿನ ಲಕ್ಷಣಗಳೇ ಹೊರತು ದೋಷಗಳಲ್ಲ. ಅಂಕ ಕೊಡುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಮೊದಲು ಲೇಬಲ್ ಓದಿ

ಚೀನಾದೊಳಗೆ ಮಾರುವ ಬಾಟಲಿಯ ಮೇಲೆ ಡಿಗ್ರಿ ಗುರುತಿನೊಂದಿಗೆ 8, 10, 11 ಅಥವಾ 12 ಎಂಬ ಸಂಖ್ಯೆ ಕಾಣುತ್ತದೆ. ಭಾರತೀಯರು ಇಲ್ಲಿಯೇ ಎಡವುವುದು. ನಮ್ಮಲ್ಲಿ ಬಿಕರಿಯಾಗುವ ಬಿಯರಿನಲ್ಲಿ ಹೆಚ್ಚಿನ ಪಾಲು ಸ್ಟ್ರಾಂಗ್ ಬಿಯರಿನದು. ಶೇ. 8ರಷ್ಟು ಆಲ್ಕೋಹಾಲಿನ ಲೆಕ್ಕಕ್ಕೆ ಒಗ್ಗಿದ ಕಣ್ಣು ಆ 8ನ್ನೂ ಆಲ್ಕೋಹಾಲ್ ಎಂದೇ ಓದಿಬಿಡುತ್ತದೆ. ಅದು ಆಲ್ಕೋಹಾಲ್ ಅಲ್ಲ. ಹುದುಗುವ ಮೊದಲು ಆ ಸಿಹಿನೀರಿನಲ್ಲಿ ಕರಗಿದ್ದ ಸಾರ ಎಷ್ಟೆಂಬುದರ ಅಳತೆ, ಡಿಗ್ರಿ ಪ್ಲೇಟೋ. 8 ಡಿಗ್ರಿ ಎಂದರೆ ನೂರು ಗ್ರಾಂ ದ್ರವದಲ್ಲಿ 8 ಗ್ರಾಂ ಸಾರ. ಅದು ಹುದುಗಿದಾಗ ಸಿಗುವ ಆಲ್ಕೋಹಾಲ್ ಶೇ. 3ರ ಆಸುಪಾಸು. 10 ಡಿಗ್ರಿಯದು ಶೇ. 4ಕ್ಕೆ ತುಸು ಮೇಲೆ, 11–12 ಡಿಗ್ರಿಯದು ಶೇ. 4.5ರಿಂದ 5. ಸಂಖ್ಯೆಯನ್ನು ಎರಡೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಉತ್ತರ ಸಿಗುತ್ತದೆ. ಆಲ್ಕೋಹಾಲಿನ ಪ್ರಮಾಣವನ್ನು ಅದರ ಪಕ್ಕದಲ್ಲೇ "ಇದಕ್ಕೆ ಸಮ ಅಥವಾ ಹೆಚ್ಚು" ಎಂಬ ಗಣಿತದ ಚಿಹ್ನೆಯೊಂದಿಗೆ ಬೇರೆಯಾಗಿ ಮುದ್ರಿಸಿರುತ್ತಾರೆ. ಅದು ಕನಿಷ್ಠ ಮಿತಿ.

ಈ ಸಂಖ್ಯೆಯನ್ನು ನೋಡದೆ ತೀರ್ಪು ಕೊಡುವುದು ಅನ್ಯಾಯ. 8 ಡಿಗ್ರಿಯ ಸ್ನೋ ಬಾಟಲಿಯನ್ನು 11 ಡಿಗ್ರಿಯ ರಫ್ತಿನ ಚಿಂಗ್‌ದಾವ್ ಜೊತೆ ಇಟ್ಟು "ಇದು ತೆಳು" ಎಂದರೆ, ಕಡಿಮೆ ಬೇಳೆ ಹಾಕಿದ ಸಾರಿಗೆ ಬೇಳೆ ಕಡಿಮೆ ಎಂದಂತೆ. ತೆಳುವಾಗಿರಲಿ ಎಂದೇ ಅದನ್ನು ಮಾಡಿರುವುದು. ಡಿಗ್ರಿ ಸಮವಾಗಿರುವ ಬಿಯರುಗಳನ್ನೇ ಪಕ್ಕಪಕ್ಕದಲ್ಲಿ ಇಡಿ.

ನಂತರ ತಾರೀಕು. ಚೀನಾದಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುತ್ತಾರೆ. ಮುದ್ರಿತ ದಿನಾಂಕ ಸಾಮಾನ್ಯವಾಗಿ ತಯಾರಾದ ದಿನದ್ದು. ರಫ್ತಿನ ಬಾಟಲಿಯಲ್ಲಿ ಅವಧಿ ಮುಗಿಯುವ ದಿನ ಇರಬಹುದು, ಹಾಗಾಗಿ ಪಕ್ಕದ ಬರಹವನ್ನೂ ಓದಿ. ತಯಾರಾಗಿ ಮೂರು ತಿಂಗಳೊಳಗಿನದು ಸಿಕ್ಕರೆ ಪರೀಕ್ಷೆಗೆ ಯೋಗ್ಯ. ಆರು ತಿಂಗಳು ದಾಟಿದ ಬಾಟಲಿ ಅಂಗಡಿಯ ಕಪಾಟಿನಲ್ಲಿ ಎಷ್ಟೇ ಅಂದವಾಗಿ ನಿಂತಿದ್ದರೂ ಅದರಿಂದ ಬ್ರೂವರಿಯ ಕೌಶಲವನ್ನು ಅಳೆಯಬೇಡಿ. ಬಿಯರ್ ವ್ಯಾಪಾರದಲ್ಲಿ ಒಂದು ಅಂದಾಜಿನ ಲೆಕ್ಕವಿದೆ: 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ. ಮೂರೂ ಕಡೆ ಬಿಯರಿಗೆ ಆಗುವ ಹಾನಿ ಹೆಚ್ಚುಕಡಿಮೆ ಒಂದೇ. ಬೇಸಿಗೆಯ ಗೋದಾಮಿನಲ್ಲಿ ಒಂದು ವಾರ ಕಳೆದ ಪೆಟ್ಟಿಗೆಗೆ ಏನಾಗಿರುತ್ತದೆಂದು ನೀವೇ ಊಹಿಸಿ.

ಇನ್ನೊಂದು ವಿಂಗಡಣೆಯೂ ಇದೆ. ಬಿಸಿಯಿಂದ ಪ್ಯಾಶ್ಚರೀಕರಿಸಿದ್ದು ಸಾಮಾನ್ಯ ಬಿಯರ್. "ಚುನ್‌ಶೆಂಗ್" ಎಂಬುದು ಬಿಸಿ ತಾಗಿಸದೆ ನುಣುಪಾದ ಶೋಧಕದಲ್ಲಿ ಯೀಸ್ಟನ್ನು ತೆಗೆದದ್ದು. "ಯುವಾನ್‌ಜಿಯಾಂಗ್" ಸೋಸದೆ, ಬಿಸಿ ಮಾಡದೆ ಕೆಲವೇ ದಿನ ಬಾಳುವ ಮಬ್ಬು ಬಿಯರ್. ಹೆಸರು ಒಂದೇ ಆದರೂ ಇವು ಮೂರು ಬೇರೆ ಬೇರೆ ಪಾನೀಯಗಳು. ಯಾವುದನ್ನು ಅಳೆಯುತ್ತಿದ್ದೀರಿ ಎಂದು ಟಿಪ್ಪಣಿ ಪುಸ್ತಕದ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಬಾಟಲಿ ಆರಿಸುವಾಗ ಬೆಳಕಿನ ಮೇಲೆ ಕಣ್ಣಿಡಿ

ಕಪಾಟಿನ ಮುಂದಿನ ಸಾಲಿನ ಬಾಟಲಿ ತೆಗೆದುಕೊಳ್ಳಬೇಡಿ. ಕೈಯನ್ನು ಒಳಗೆ ಹಾಕಿ ಹಿಂದಿನದನ್ನು ಎಳೆಯಿರಿ. ಮುಚ್ಚಿದ ರಟ್ಟಿನ ಪೆಟ್ಟಿಗೆಯಿಂದ ಕೊಟ್ಟರೆ ಇನ್ನೂ ಉತ್ತಮ. ಕ್ಯಾನ್ ಸಿಕ್ಕರೆ ಅದನ್ನೇ ಕೊಳ್ಳಿ. ಇದು ಅತಿಯಾಯಿತು ಎನಿಸಬಹುದು. ಎನಿಸಿದರೆ, ಕೆಳಗಿನ ಪ್ರಯೋಗವನ್ನು ಒಮ್ಮೆ ಮಾಡಿ ನೋಡಿ. ಬಿಯರ್ ಕುರಿತು ನನಗೆ ಅತಿ ಹೆಚ್ಚು ಕಲಿಸಿದ ಪ್ರಯೋಗ ಇದು.

ಒಂದೇ ಕ್ಯಾನಿನ ಬಿಯರನ್ನು ಎರಡು ಗಾಜಿನ ಲೋಟಗಳಿಗೆ ಹಂಚಿ. ಒಂದನ್ನು ಕತ್ತಲೆಯ ಬೀರುವಿನಲ್ಲಿಡಿ. ಇನ್ನೊಂದನ್ನು ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಕಾಲು ಗಂಟೆ ಇಡಿ. ನಂತರ ಎರಡನ್ನೂ ಒಂದೇ ತಣ್ಣನೆಗೆ ತಂದು ಮೂಸಿ. ಬಿಸಿಲು ಕಂಡ ಲೋಟದಿಂದ ಸುಟ್ಟ ರಬ್ಬರು ಮತ್ತು ಕೊಳೆತ ಬೆಳ್ಳುಳ್ಳಿಯ ನಡುವಣ ಒಂದು ಕಮಟು ಘಾಟು ಮೇಲೇಳುತ್ತದೆ. ಪಾಶ್ಚಾತ್ಯರು ಇದಕ್ಕೆ ಸ್ಕಂಕ್ ಎಂಬ ಅಮೆರಿಕದ ಪ್ರಾಣಿಯ ಹೆಸರು ಕೊಟ್ಟಿದ್ದಾರೆ. ನಾವು ಆ ಪ್ರಾಣಿಯನ್ನು ಕಂಡಿಲ್ಲ, ಆ ಹೋಲಿಕೆಯನ್ನು ಎರವಲು ತರುವ ಅಗತ್ಯವೂ ಇಲ್ಲ. ನಿಮ್ಮ ಮೂಗಿಗೆ ಏನು ನೆನಪಾಯಿತೋ ಅದನ್ನೇ ಬರೆಯಿರಿ.

ನಡೆದದ್ದು ಇಷ್ಟು: ಬಿಯರಿಗೆ ಕಹಿ ಕೊಡಲು ಹಾಕುವ ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬಂದ ಕಹಿ ಆಮ್ಲಗಳು ನೀಲಿ ಮತ್ತು ಅತಿನೇರಳೆ ಬೆಳಕಿಗೆ ಒಡೆಯುತ್ತವೆ. ಬಿಯರಿನಲ್ಲಿರುವ ರೈಬೋಫ್ಲೇವಿನ್ ಎಂಬ ಜೀವಸತ್ವ ಇದಕ್ಕೆ ನೆರವಾಗುತ್ತದೆ. ಒಡೆದ ತುಣುಕು ಗಂಧಕದೊಂದಿಗೆ ಸೇರಿ ಥಯಾಲ್ ಎಂಬ ಜಾತಿಯ ಕಟುವಾಸನೆಯ ಸಂಯುಕ್ತವಾಗುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಕಂದು ಗಾಜು ಆ ಬೆಳಕಿನ ಹೆಚ್ಚಿನ ಭಾಗವನ್ನು ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ. ಕ್ಯಾನ್ ಪೂರ್ತಿ ತಡೆಯುತ್ತದೆ. ಕೆಲವು ಬ್ರೂವರಿಗಳು ಬೆಳಕಿಗೆ ಒಡೆಯದಂತೆ ಮಾರ್ಪಡಿಸಿದ ಹಾಪ್ಸ್ ಸಾರವನ್ನು ಬಳಸುತ್ತವೆ, ಅಂಥ ಬಿಯರಿನಲ್ಲಿ ಈ ಘಾಟು ಬರುವುದಿಲ್ಲ. ಪ್ರಯೋಗದಲ್ಲಿ ವ್ಯತ್ಯಾಸ ಕಾಣದಿದ್ದರೆ ಕಾರಣ ಅದಿರಬಹುದು.

ಒಮ್ಮೆ ಒಂದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ವಾರಗಟ್ಟಲೆ ನಿಂತಿದ್ದ ಹಸಿರು ಬಾಟಲಿಯೊಂದನ್ನು ಕೊಂಡು, ಅದರ ಕಮಟನ್ನೇ "ಆ ದೇಶದ ಬಿಯರಿನ ವಿಶಿಷ್ಟ ಪರಿಮಳ" ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಆ ಪುಟವನ್ನು ಹರಿದಿಲ್ಲ. ಟ್ಯೂಬ್‌ಲೈಟ್ ಮಾಡಿದ ಕೆಲಸವನ್ನು ಬ್ರೂವರಿಯ ತಲೆಗೆ ಕಟ್ಟುವುದು ಎಷ್ಟು ಸುಲಭವೆಂದು ಅದು ನನಗೆ ಈಗಲೂ ನೆನಪಿಸುತ್ತದೆ.

ತಣಿಸುವುದು ಮತ್ತು ಲೋಟ

ಬಾಟಲಿಯನ್ನು ಒಂದು ದಿನ ಫ್ರಿಜ್ಜಿನಲ್ಲಿ ನಿಲ್ಲಿಸಿಡಿ. ಫ್ರೀಜರ್ ಬೇಡ. ಕುಡಿಯುವ ಹತ್ತು ನಿಮಿಷ ಮೊದಲು ಹೊರತೆಗೆದರೆ 6–8 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಸುವಾಸನೆ ಮೇಲೇಳುವುದಿಲ್ಲ, ನಾಲಿಗೆ ಮರಗಟ್ಟುತ್ತದೆ. ಚೀನಾದ ಹೋಟೆಲುಗಳಲ್ಲಿ ಬಿಯರ್ ಕೇಳಿದರೆ "ಬಿಂಗ್ ದ" ಬೇಕೋ "ಛಾಂಗ್‌ವೆನ್" ಬೇಕೋ ಎನ್ನುತ್ತಾರೆ. ಮೊದಲನೆಯದು ತಣ್ಣಗಿನದು, ಎರಡನೆಯದು ಕೋಣೆಯ ಉಷ್ಣತೆಯದು. ಹಿರಿಯರನೇಕರು ಎರಡನೆಯದನ್ನೇ ಕೇಳುತ್ತಾರೆ. ಮೊದಮೊದಲು ನನಗೆ ವಿಚಿತ್ರವೆನಿಸಿತ್ತು. ಬೆಚ್ಚಗಾದ ಬಿಯರ್ ಯಾವ ದೋಷವನ್ನೂ ಬಚ್ಚಿಡುವುದಿಲ್ಲ ಎಂಬುದು ಆಮೇಲೆ ಅರ್ಥವಾಯಿತು. ಅದನ್ನು ಮುಂದೆ ಬಳಸಿಕೊಳ್ಳೋಣ.

ಲೋಟದ ವಿಷಯದಲ್ಲಿ ನಮ್ಮ ಅಡುಗೆಮನೆಗಳಲ್ಲಿ ಒಂದು ತೊಡಕಿದೆ. ಒಗ್ಗರಣೆ ಬಾಣಲೆ ಉಜ್ಜಿದ ಸ್ಪಂಜಿನಿಂದಲೇ ಗಾಜಿನ ಲೋಟವನ್ನೂ ತೊಳೆಯುತ್ತೇವೆ. ಕಣ್ಣಿಗೆ ಫಳಫಳ ಎನ್ನುತ್ತದೆ, ಆದರೆ ಜಿಡ್ಡಿನ ತೆಳು ಪೊರೆ ಉಳಿದಿರುತ್ತದೆ. ಆ ಪೊರೆ ನೊರೆಯನ್ನು ಕ್ಷಣದಲ್ಲಿ ಕೊಲ್ಲುತ್ತದೆ. ಬೇರೆ ಸ್ಪಂಜು ಬಳಸಿ, ಚೆನ್ನಾಗಿ ಜಾಲಿಸಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ. ಪರೀಕ್ಷಿಸಲು ಒಳಮೈಗೆ ನೀರು ಸವರಿ ನೋಡಿ: ನೀರು ಒಂದೇ ಹಾಳೆಯಂತೆ ಹರಡಿದರೆ ಶುದ್ಧ, ಹನಿಹನಿಯಾಗಿ ಒಡೆದರೆ ಜಿಡ್ಡಿದೆ. ಬಿಯರ್ ಸುರಿದ ಮೇಲೆ ಗುಳ್ಳೆಗಳು ಗಾಜಿನ ಗೋಡೆಗೆ ಅಂಟಿಕೊಂಡರೂ ಅದೇ ಅರ್ಥ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ.

ಸುರಿಯುವುದು, ನೋಡುವುದು

ಲೋಟವನ್ನು ವಾಲಿಸಿ ಅರ್ಧದವರೆಗೆ ಗೋಡೆಗುಂಟ ಇಳಿಸಿ. ನಂತರ ನೆಟ್ಟಗೆ ಹಿಡಿದು ನಡುವಿಗೆ ಸುರಿಯಿರಿ. ಎರಡು ಬೆರಳು ನೊರೆ ಬರಲಿ. ನೊರೆಯೊಂದಿಗೆ ಹೆಚ್ಚಿನ ಅನಿಲವೂ ಹೊರಟುಹೋಗುತ್ತದೆ, ಸುವಾಸನೆ ಬಿಡುಗಡೆಯಾಗುತ್ತದೆ.

ಬಿಳಿ ಕಾಗದವನ್ನು ಹಿಂದೆ ಹಿಡಿದು ನೋಡಿ. ಒಣಹುಲ್ಲಿನ ಹಳದಿಯಿಂದ ತಿಳಿ ಚಿನ್ನದವರೆಗೆ ಬಣ್ಣ ಇರಬೇಕು. ಕಾಗದದ ಮೇಲಿನ ಅಕ್ಷರ ಓದುವಷ್ಟು ತಿಳಿಯಾಗಿರಬೇಕು. ಯುವಾನ್‌ಜಿಯಾಂಗ್ ಮಾತ್ರ ಮಬ್ಬಾಗಿರಬಹುದು. ಸೋಸಿದ ಬಿಯರಿನಲ್ಲಿ ಚೂರುಗಳು ತೇಲುತ್ತಿದ್ದರೆ ಅದು ಹಳತು. ನೊರೆ ಬಿಳಿಯಾಗಿ ಎರಡು ಮೂರು ನಿಮಿಷ ನಿಂತು ತೆಳುವಾದರೆ ಈ ಜಾತಿಗೆ ಸಾಕು.

ಮೂಗಿನ ಕೆಲಸ

ನೊರೆ ಇಳಿಯುವ ಮುಂಚೆಯೇ ಮೂಸಿ. ದೀರ್ಘವಾಗಿ ಎಳೆಯಬೇಡಿ. ಮೂರು ನಾಲ್ಕು ಸಣ್ಣ ಉಸಿರುಗಳು ಸಾಕು. ಮೂಗು ದಣಿದಂತೆನಿಸಿದರೆ ನಿಮ್ಮದೇ ತೋಳಿನ ಚರ್ಮವನ್ನು ಮೂಸಿ ಮತ್ತೆ ಬನ್ನಿ. ಅಂದು ಅಗರಬತ್ತಿ, ಸೆಂಟು, ಮಲ್ಲಿಗೆ ಯಾವುದೂ ಕೋಣೆಯಲ್ಲಿರಬಾರದು.

ಒಳ್ಳೆಯ ಬಾಟಲಿಯಲ್ಲಿ ಸಿಗುವುದು ಬಹಳ ಕಡಿಮೆ, ಆದರೆ ಸ್ಪಷ್ಟ. ಈಗಷ್ಟೇ ಸೀಳಿದ ಬ್ರೆಡ್ಡಿನ ತಿರುಳು, ಬೆಂದ ಅನ್ನದ ಮೇಲಿನ ಗಂಜಿತಿಳಿಯ ಹಬೆ, ತುಸು ಹುಲ್ಲು ಅಥವಾ ಹೂವಿನಂಥ ಹಾಪ್ಸ್. ಕೆಲವೊಮ್ಮೆ ಗೀರಿದ ಬೆಂಕಿಕಡ್ಡಿಯ ಸೂಕ್ಷ್ಮ ಗಂಧಕ. ಲಾಗರ್ ಯೀಸ್ಟಿನ ಗುಣವದು, ಲೋಟ ಅಲುಗಿಸಿದರೆ ಹಾರಿಹೋಗುತ್ತದೆ.

ಇನ್ನು ದೋಷಗಳು. ಇವುಗಳ ಹಿಂದೆ ಒಂದೊಂದು ಕಾರಣವಿದೆ, ಕಾರಣ ತಿಳಿದರೆ ವಾಸನೆ ಮರೆಯುವುದಿಲ್ಲ. ಮೆಕ್ಕೆಜೋಳದ ತೆನೆ ಬೇಯಿಸಿದ ನೀರಿನ ಸಿಹಿ ವಾಸನೆ ಬಂದರೆ ಅದು ಡೈಮೀಥೈಲ್ ಸಲ್ಫೈಡ್. ಮಾಲ್ಟಿನಲ್ಲಿರುವ ವಸ್ತುವೊಂದರಿಂದ ಹುಟ್ಟುತ್ತದೆ, ರಭಸವಾಗಿ ಸಾಕಷ್ಟು ಹೊತ್ತು ಕುದಿಸಿದರೆ ಹಬೆಯಲ್ಲಿ ಹೋಗುತ್ತದೆ. ಬೆಣ್ಣೆ ಬಿಸ್ಕತ್ತಿನ ವಾಸನೆ ಬಂದು ನಾಲಿಗೆಯ ಮೇಲೆ ಜಾರಿದಂತಾದರೆ ಡಯಾಸಿಟೈಲ್. ಯೀಸ್ಟ್ ತಾನೇ ಮಾಡಿದ್ದನ್ನು ತಾನೇ ಹೀರಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಕೊಡಬೇಕು. ಹಸಿರು ಸೇಬಿನ ಸಿಪ್ಪೆಯ ವಾಸನೆ ಅಸಿಟಾಲ್ಡಿಹೈಡ್. ಇದೂ ಮಾಗದ ಬಿಯರಿನ ಗುರುತು. ಈ ಮೂರೂ ಬ್ರೂವರಿಯ ಗೋಡೆಯೊಳಗೆ ಹುಟ್ಟುವಂಥವು. ಹೆಚ್ಚಾಗಿ ಅವಸರವೇ ಅವುಗಳ ತಾಯಿ. ಲಕ್ಷಾಂತರ ಬಾಟಲಿ ತುಂಬುವ ಕಾರ್ಖಾನೆ ತೊಟ್ಟಿಯನ್ನು ಬೇಗ ಖಾಲಿ ಮಾಡಬೇಕೆಂಬ ಆಸೆಗೆ ಬಿದ್ದಿತೋ ಇಲ್ಲವೋ ಎಂಬುದು ಇಲ್ಲಿ ತಿಳಿಯುತ್ತದೆ. ಇವಕ್ಕೆ ನಿರ್ದಾಕ್ಷಿಣ್ಯವಾಗಿ ಅಂಕ ಕಳೆಯಿರಿ.

ಮಳೆಗೆ ನೆನೆದ ರಟ್ಟಿನ ಪೆಟ್ಟಿಗೆ, ಹಳೆಯ ಪೇಪರಿನ ಕಟ್ಟಿನ ಮುಗ್ಗಲು ಬೇರೆಯ ಕಥೆ. ಅದು ಗಾಳಿ ಮತ್ತು ಬಿಸಿ ಸೇರಿ ಮಾಡಿದ ಮುಪ್ಪು. ಬೆಳಕಿನ ಕಮಟು ಮೇಲೆ ಹೇಳಿದ್ದೇ. ಈ ಎರಡು ಹೆಚ್ಚಾಗಿ ದಾರಿಯಲ್ಲಿ, ಗೋದಾಮಿನಲ್ಲಿ, ಅಂಗಡಿಯಲ್ಲಿ ಆದ ಅನಾಹುತಗಳು. ಪುಸ್ತಕದಲ್ಲಿ ಎರಡು ಕಾಲಮ್ ಮಾಡಿ: ಒಂದು "ಹುಟ್ಟಿನಿಂದ", ಇನ್ನೊಂದು "ದಾರಿಯಲ್ಲಿ". ಎರಡನೆಯ ಕಾಲಮ್ಮಿನಲ್ಲಿ ಏನಾದರೂ ಬಿದ್ದರೆ ಆ ಬಾಟಲಿಯನ್ನು ಪಕ್ಕಕ್ಕಿಟ್ಟು ಹೊಸದನ್ನು ತೆರೆಯಿರಿ.

ಬಾಯಿಯ ಕೆಲಸ

ಮೊದಲ ಗುಟುಕು ಬಾಯಿ ತೊಳೆಯಲು. ಎರಡನೆಯದನ್ನು ನಾಲಿಗೆಯ ಮೇಲೆಲ್ಲ ಹರಡಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿಯೆಂದು ನಾವು ಕರೆಯುವುದರ ದೊಡ್ಡ ಪಾಲು ಈ ಹೊರಹೋಗುವ ಉಸಿರಿನಲ್ಲಿದೆ. ವೈನ್ ಪರೀಕ್ಷಕರಂತೆ ಉಗುಳಬೇಡಿ. ಬಿಯರಿನ ಕಹಿ ನುಂಗಿದ ಮೇಲೆ ಗಂಟಲಿನ ಹತ್ತಿರ ಬಿಚ್ಚಿಕೊಳ್ಳುತ್ತದೆ, ಅದನ್ನು ಬಿಟ್ಟರೆ ಅರ್ಧ ಬಿಯರನ್ನೇ ಬಿಟ್ಟಂತೆ. ಗುಟುಕುಗಳು ಸಣ್ಣದಾಗಿರಲಿ, ಅಷ್ಟೇ.

ಕ್ರಮವಾಗಿ ನಾಲ್ಕು ವಿಷಯ ಕೇಳಿಕೊಳ್ಳಿ. ಆರಂಭದಲ್ಲಿ ಮಾಲ್ಟಿನ ಸಿಹಿ ಇದೆಯೇ, ಇದ್ದರೆ ಅದು ಧಾನ್ಯದ ಸಿಹಿಯೇ ಅಥವಾ ಬರೀ ಸಕ್ಕರೆ ನೀರೇ? ನಡುವೆ ಏನಾದರೂ ಉಳಿಯುತ್ತದೆಯೇ ಅಥವಾ ಟೊಳ್ಳೇ? ಕಹಿ ಬಂದು ಸಿಹಿಯನ್ನು ಮುಚ್ಚುತ್ತದೆಯೇ? ನುಂಗಿದ ಹತ್ತು ಎಣಿಸುವಷ್ಟರಲ್ಲಿ ಬಾಯಿ ಸ್ವಚ್ಛವಾಗುತ್ತದೆಯೇ ಅಥವಾ ಅಂಟು, ಒಗರು, ಲೋಹದ ರುಚಿ ಉಳಿಯುತ್ತದೆಯೇ?

ನನ್ನ ಮಟ್ಟಿಗೆ ನಾಲ್ಕನೆಯದೇ ನಿರ್ಣಾಯಕ. ಹಗುರ ಮತ್ತು ಸಪ್ಪೆಯ ನಡುವಣ ಗಡಿ ಅಲ್ಲಿದೆ. ಹಗುರ ಬಿಯರ್ ಮುಗಿಯುವಾಗ ಒಂದು ಗೆರೆ ಎಳೆದಂತೆ ನಿಲ್ಲುತ್ತದೆ, ಬಾಯಿ ಇನ್ನೊಂದು ಗುಟುಕು ಕೇಳುತ್ತದೆ. ಸಪ್ಪೆ ಬಿಯರ್ ಎಲ್ಲಿ ಮುಗಿಯಿತೆಂದೇ ಗೊತ್ತಾಗದೆ ಕರಗಿಹೋಗುತ್ತದೆ. ತಾಜಾ ಚಿಂಗ್‌ದಾವ್‌ನಲ್ಲಿ ನನಗೆ ಆ ಗೆರೆ ಸಿಕ್ಕಿದೆ. ಧಾನ್ಯದ ಸಿಹಿ ತುಸು ಮುಂದೆ, ಕಹಿ ಹಿಂದೆ ನಿಂತು ಬಾಗಿಲು ಹಾಕುತ್ತದೆ. 8 ಡಿಗ್ರಿಯ ಬಿಯರುಗಳಲ್ಲಿ ಅದು ಅಪರೂಪ.

ನಂತರ ಲೋಟವನ್ನು ಅರ್ಧ ಉಳಿಸಿ ಇಪ್ಪತ್ತು ನಿಮಿಷ ಬಿಟ್ಟುಬಿಡಿ. ಇದು ಛಾಂಗ್‌ವೆನ್ ಪರೀಕ್ಷೆ. ತಣ್ಣಗಿದ್ದಾಗ ಅಡಗಿದ್ದ ಬೆಣ್ಣೆ, ಜೋಳ, ರಟ್ಟು ಎಲ್ಲವೂ ಈಗ ಎದ್ದು ಬರುತ್ತವೆ. ಬೆಚ್ಚಗಾದ ಮೇಲೂ ಕುಡಿಯಲು ಹಿತವಾಗಿದ್ದರೆ ಆ ಬಿಯರನ್ನು ಕಾಳಜಿಯಿಂದ ಮಾಡಿದ್ದಾರೆಂದು ನಿಸ್ಸಂಕೋಚವಾಗಿ ಬರೆಯಬಹುದು.

ಊಟದ ಜೊತೆ ಇನ್ನೊಮ್ಮೆ

ಇಲ್ಲಿಗೆ ನಿಲ್ಲಿಸುವವರು ಹಲವರು. ಅದು ತಪ್ಪು. ಈ ಬಿಯರ್ ಹುಟ್ಟಿರುವುದೇ ಊಟದ ಮೇಜಿಗಾಗಿ. ಚಿಂಗ್‌ದಾವ್ ಊರಿನವರ ಮಾತೊಂದಿದೆ: "ಬಿಯರ್ ಕುಡಿ, ಗಾಲಾ ತಿನ್ನು." ಕುಡಿಯುವುದಕ್ಕೆ ಉಳಿದ ಚೀನೀಯರು "ಹೆ" ಎಂದರೆ ಆ ಊರಿನವರು "ಹಾ" ಎನ್ನುತ್ತಾರೆ. ಗಾಲಾ ಎಂದರೆ ಸಮುದ್ರದ ಸಣ್ಣ ಚಿಪ್ಪುಮಾಂಸ, ನಮ್ಮ ಕರಾವಳಿಯ ಮರುವಾಯಿಯ ಹತ್ತಿರದ ಬಂಧು. ಒಣಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಹಾಕಿ ದೊಡ್ಡ ಉರಿಯಲ್ಲಿ ಬಾಡಿಸುತ್ತಾರೆ. ಬೇಸಿಗೆಯ ಸಂಜೆ ಬೀದಿಯಂಗಡಿಯಲ್ಲಿ ಪೀಪಾಯಿಯಿಂದ ಬಿಯರನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಹಿಡಿದು, ತಕ್ಕಡಿಯಲ್ಲಿ ತೂಗಿ, ಬಾಯಿ ಕಟ್ಟಿ ಕೊಡುತ್ತಾರೆ. ಜನರು ತರಕಾರಿಯಂತೆ ಅದನ್ನು ಬೆರಳಿಗೆ ತೂಗುಹಾಕಿಕೊಂಡು ಮನೆಗೆ ನಡೆಯುತ್ತಾರೆ. ಮೊದಲ ಸಲ ಕಂಡಾಗ ನಾನು ಬೀದಿಬದಿಯಲ್ಲಿ ನಿಂತುಬಿಟ್ಟೆ. ನಮ್ಮಲ್ಲಿ ಪಾರ್ಸೆಲ್ ಸಾಂಬಾರಿನ ಚೀಲ ಹಿಡಿದುಕೊಂಡು ಹೋಗುವಂತೆಯೇ ಇತ್ತು. ಆ ಚೀಲದ ಬಿಯರಿನ ತಾಜಾತನವನ್ನು ಯಾವ ರಫ್ತಿನ ಬಾಟಲಿಯಲ್ಲೂ ನಾನು ಮತ್ತೆ ಕಂಡಿಲ್ಲ.

ಮನೆಯಲ್ಲಿ ಪರೀಕ್ಷಿಸಲು ಮರುವಾಯಿ ಸುಕ್ಕ ಸಿಕ್ಕರೆ ಸೊಗಸು. ಇಲ್ಲದಿದ್ದರೆ ಹುರಿದ ಕಡಲೆಬೀಜ, ಖಾರದ ಯಾವುದಾದರೂ ಪಲ್ಯ, ಬಂಗುಡೆ ಹುರಿದದ್ದು ಸಾಕು. ಒಂದು ತುತ್ತು, ಒಂದು ಗುಟುಕು, ಮತ್ತೆ ತುತ್ತು. ಗಮನಿಸಬೇಕಾದದ್ದು ಎರಡೇ: ಬಿಯರ್ ಬಾಯಿಯ ಎಣ್ಣೆಯನ್ನು ತೆಗೆಯಿತೇ, ಮುಂದಿನ ತುತ್ತಿನ ರುಚಿ ಮೊದಲಿನಷ್ಟೇ ತೀಕ್ಷ್ಣವಾಗಿತ್ತೇ? ಕಹಿ ಹೆಚ್ಚಿರುವ ಬಿಯರುಗಳು ಮೆಣಸಿನ ಉರಿಯನ್ನು ಕೆರಳಿಸುತ್ತವೆ. ಈ ಹಗುರ ಲಾಗರ್ ಹಾಗೆ ಮಾಡುವುದಿಲ್ಲ. ಒಂಟಿಯಾಗಿ ಕುಡಿದಾಗ ಕೊರತೆಯೆಂದು ಕಂಡದ್ದು ಮೇಜಿನ ಮೇಲೆ ಕೆಲಸಕ್ಕೆ ಬರುತ್ತದೆ.

ಚೀನಾದಲ್ಲಿ ಆತಿಥೇಯರ ಜೊತೆ ಕುಳಿತಾಗ ಲೋಟಗಳು ಬಹಳ ಚಿಕ್ಕವು. "ಗಾನ್‌ಬೇ" ಎಂದರೆ ಲೋಟ ಬರಿದು ಮಾಡಬೇಕು. "ಸುಯ್‌ಯೀ" ಎಂದರೆ ಇಷ್ಟವಾದಷ್ಟು. ರುಚಿ ನೋಡಲು ಹೋದವರು ಎರಡನೆಯ ಪದವನ್ನು ಚೆನ್ನಾಗಿ ಕಲಿತಿರಬೇಕು. ವಾಹನ ಓಡಿಸುವವರು ಒಂದು ಗುಟುಕನ್ನೂ ಮುಟ್ಟಬಾರದು. ಅಲ್ಲಿ ನೂರು ಮಿಲಿಲೀಟರ್ ರಕ್ತದಲ್ಲಿ 20 ಮಿಲಿಗ್ರಾಂ ಆಲ್ಕೋಹಾಲ್ ಇದ್ದರೆ ಶಿಕ್ಷೆ, 80 ಮುಟ್ಟಿದರೆ 2011ರಿಂದ ಕ್ರಿಮಿನಲ್ ಅಪರಾಧ.

ಹೆಸರು ಮುಚ್ಚಿ ಕುಡಿಯಿರಿ

ಲೇಬಲ್ ಕಂಡರೆ ನಾಲಿಗೆ ಸುಳ್ಳು ಹೇಳುತ್ತದೆ. ಇದನ್ನು ತಡೆಯಲು ತ್ರಿಕೋನ ಪರೀಕ್ಷೆ ಇದೆ. ಮನೆಯವರೊಬ್ಬರು ಮೂರು ಒಂದೇ ಬಗೆಯ ಲೋಟಗಳಿಗೆ ಬಿಯರ್ ಸುರಿಯಲಿ. ಎರಡರಲ್ಲಿ ಚಿಂಗ್‌ದಾವ್, ಒಂದರಲ್ಲಿ ಬೇರೆ ಲಾಗರ್, ಅಥವಾ ತಿರುಗುಮುರುಗಾಗಿ. ಬೇರೆ ಯಾವುದೆಂದು ನೀವು ಗುರುತಿಸಬೇಕು. ಬರೀ ಊಹೆಯಿಂದ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸುತ್ತು ಸಾಲದು. ಆರು ಸುತ್ತುಗಳಲ್ಲಿ ಐದು ಅಥವಾ ಆರು ಸರಿಯಾದರೆ, ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಆಗ ಮಾತ್ರ ನಿಮಗೆ ವ್ಯತ್ಯಾಸ ತಿಳಿಯುತ್ತದೆ ಎನ್ನಬಹುದು. ಒಂದೊಂದು ಲೋಟಕ್ಕೆ 30 ಮಿಲಿಲೀಟರ್ ಸಾಕು. ಆರು ಸುತ್ತುಗಳನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ನನ್ನ ಮೊದಲ ಪ್ರಯತ್ನದಲ್ಲಿ ಆರರಲ್ಲಿ ಎರಡು ಸರಿಯಾದವು.

ಅಂಕ

ಬಿಯರ್ ತೀರ್ಪುಗಾರರಿಗೆ ತರಬೇತಿ ನೀಡುವ ಬಿಜೆಸಿಪಿ ಸಂಸ್ಥೆಯ ಹಂಚಿಕೆ ಬಳಸಲು ಸುಲಭ: ಸುವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ 10. ಒಟ್ಟು 50. ಅವರ ಪಟ್ಟಿಯಲ್ಲಿ "ಅಂತರರಾಷ್ಟ್ರೀಯ ತಿಳಿಬಣ್ಣದ ಲಾಗರ್" ಎಂಬ ವರ್ಗವಿದೆ. ಆಲ್ಕೋಹಾಲ್ ಶೇ. 4.5ರಿಂದ 6, ಕಹಿಯ ಅಳತೆ 18ರಿಂದ 25 ಎಂದು ಅದಕ್ಕೆ ಮಿತಿ. ರಫ್ತಿನ ಚಿಂಗ್‌ದಾವ್ ಶೇ. 4.7ರದು, ಅದನ್ನು ಈ ವರ್ಗದ ಎದುರಿಗಿಟ್ಟು ನೋಡಬಹುದು. 8 ಡಿಗ್ರಿಯ ಬಿಯರುಗಳು ಈ ಚೌಕಟ್ಟಿಗೆ ಬರುವುದಿಲ್ಲ, ಅವನ್ನು ಅವುಗಳಲ್ಲೇ ಹೋಲಿಸಿ. ಬೇರೆ ಜಾತಿಯ ಘನ ಬಿಯರುಗಳ ನೆನಪನ್ನು ಈ ಮೇಜಿಗೆ ತರಬೇಡಿ.

ನಾನು ಎರಡು ಬೇರೆ ಅಂಗಡಿಗಳಿಂದ, ಬೇರೆ ತಾರೀಕಿನ ಎರಡು ಬಾಟಲಿಗಳನ್ನು ಬೇರೆ ದಿನಗಳಲ್ಲಿ ಕುಡಿಯದೆ ಅಂಕವನ್ನು ಶಾಯಿಯಲ್ಲಿ ಬರೆಯುವುದಿಲ್ಲ. ಅಲ್ಲಿಯವರೆಗೆ ಪೆನ್ಸಿಲ್. ಎರಡು ಬಾಟಲಿಗಳ ನಡುವೆ ಐದಕ್ಕಿಂತ ಹೆಚ್ಚು ಅಂಕಗಳ ವ್ಯತ್ಯಾಸ ಬಂದರೆ ಮೂರನೆಯದನ್ನು ತರಿಸುತ್ತೇನೆ. ಆ ವ್ಯತ್ಯಾಸ ಬಹುತೇಕ "ದಾರಿಯಲ್ಲಿ" ಎಂಬ ಕಾಲಮ್ಮಿನದೇ ಆಗಿರುತ್ತದೆ. ತಯಾರಾಗಿ ಆರು ವಾರಗಳಾಗಿದ್ದ, ಕ್ಯಾನಿನಲ್ಲಿದ್ದ ಚಿಂಗ್‌ದಾವ್‌ಗೆ ನನ್ನ ಪುಸ್ತಕದಲ್ಲಿ ಶಾಯಿಯಲ್ಲಿರುವ ಅಂಕ 34: ಸುವಾಸನೆ 7, ನೋಟ 3, ರುಚಿ 13, ಬಾಯಿಯ ಅನುಭವ 4, ಒಟ್ಟಾರೆ 7. ಪಕ್ಕದಲ್ಲಿ ಒಂದು ಸಾಲು: "ಬೆಚ್ಚಗಾದ ಮೇಲೆ ಒಂದು ಎಳೆ ಜೋಳದ ವಾಸನೆ. ಕೊನೆ ಸ್ವಚ್ಛ. ಮರುವಾಯಿ ಇದ್ದಿದ್ದರೆ ಇನ್ನೊಂದು ಲೋಟ."